ಪರದೆ ಬೆಳಗುವ ಮುನ್ನ

ಕಳೆದ ತಿಂಗಳ ಒಂದು ಆದಿತ್ಯವಾರ ಬೆಳಿಗ್ಗೆ ಪೆರ್ಲದ ಕಡೆಯ ಕೃಷಿಕರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವರ ಅಡಿಕೆ ತೋಟದ ಗಡಿ ತಕರಾರನ್ನು ಹಿಂದೆ ನಾನೇ ನಡೆಸಿಕೊಟ್ಟಿದ್ದೆ. ಅದೇ ವಿಷಯವಿರಬೇಕೆಂದು ಭಾವಿಸಿ ಹಳೆಯ ಕಡತ ಹುಡುಕಲು ಎದ್ದಾಗ ಅವರು ಕೈ ಅಡ್ಡ ಮಾಡಿ, “ಅದಲ್ಲ ವಕೀಲರೇ, ಇದು ಇವಳ ಲ್ಯಾಪ್‌ಟಾಪಿನ ಕಥೆ” ಎಂದು ಚೀಲದಿಂದ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟರು.

ಹುಡುಗಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯಲ್ಲಿದ್ದಾಳೆ. ಐಟಿ ಪ್ರಾಯೋಗಿಕ ಪರೀಕ್ಷೆಗೆ ಮನೆಯಲ್ಲೇ ಅಭ್ಯಾಸ ಮಾಡಲೆಂದು ತಂದೆ ಮಂಗಳೂರಿನ ಒಂದು ಅಂಗಡಿಯಿಂದ 14,000 ರೂಪಾಯಿ ಕೊಟ್ಟು ಹಳೆಯ ಲ್ಯಾಪ್‌ಟಾಪ್ ತಂದಿದ್ದರು. ತಂದು ಹನ್ನೆರಡು ದಿನವಾಗಿತ್ತು. ಪರೀಕ್ಷೆಗೆ ಉಳಿದಿದ್ದುದು ಐದು ವಾರ. ಯಂತ್ರಕ್ಕೆ ಎರಡು ತೊಂದರೆಗಳಿದ್ದವು. ಮೊದಲನೆಯದು, ಪ್ರತಿಸಲ ಆರಂಭಿಸಿದಾಗಲೂ ಅದರ ದಿನಾಂಕ 2016ರ ಜನವರಿ 1ಕ್ಕೆ ಹಿಂದಿರುಗುತ್ತಿತ್ತು, ಯಾವ ಜಾಲತಾಣವನ್ನು ತೆರೆಯಹೋದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು. ಎರಡನೆಯದು, ಶಾಲೆಯಲ್ಲಿ ಬಳಸುವ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದ ಹಾಕಹೋದರೆ ಕಪ್ಪು ಪರದೆಯೊಂದು ಮೂಡಿ ಗುಪ್ತಪದ ಕೇಳುತ್ತಿತ್ತು. ಆ ಗುಪ್ತಪದ ಅವರಿಗೂ ತಿಳಿಯದು, ಅಂಗಡಿಯವನಿಗೂ ತಿಳಿಯದು.

“ಹ್ಯಾಕ್ ಆಗಿದೆ ಅಂತ ನೆರೆಯವರು ಹೇಳಿದ್ರು. ಪೊಲೀಸರಿಗೆ ದೂರು ಕೊಡ್ಬೇಕಾ ವಕೀಲರೇ?” ಎಂದು ತಂದೆ ಕೇಳಿದರು. ಹುಡುಗಿ ಮೆಲ್ಲಗೆ, “ಹ್ಯಾಕ್ ಅಲ್ಲ ಸರ್, ಒಳಗೆ ಎಂತದೋ ಸೆಟ್ಟಿಂಗ್ ಉಂಟು, ಅದು ನಮಗೆ ಗೊತ್ತಾಗುದಿಲ್ಲ” ಎಂದಳು. ಅವಳು ಹೇಳಿದ್ದೇ ಸರಿಯಾಗಿತ್ತು. ಈ ಅಂಕಣದಲ್ಲಿ ಸಾಮಾನ್ಯವಾಗಿ ಭೂಮಿ, ಉಯಿಲು, ಬಾಡಿಗೆ ಕರಾರುಗಳ ಬಗ್ಗೆ ಬರೆಯುವ ನಾನು ಈ ವಾರ ಆ ‘ಎಂತದೋ ಸೆಟ್ಟಿಂಗ್’ ಬಗ್ಗೆ ಬರೆಯಲು ಕಾರಣ ಅವಳ ಆ ಮಾತು. ನಮ್ಮ ಬಹಳಷ್ಟು ಮನೆಗಳಲ್ಲಿ ಮಕ್ಕಳಿಗಾಗಿ ಕೊಳ್ಳುವ ಮೊದಲ ಕಂಪ್ಯೂಟರ್ ಹಳೆಯದೇ ಆಗಿರುತ್ತದೆ. ಅದರ ಒಳಗಿನ ಈ ಒಂದು ಪದರವನ್ನು ಅರಿಯದಿದ್ದರೆ ಹಣವೂ ಹೋಗುತ್ತದೆ, ಮಗುವಿನ ಅಭ್ಯಾಸದ ದಿನಗಳೂ ಹೋಗುತ್ತವೆ.

ಕಂಪ್ಯೂಟರಿನ ಗುಂಡಿ ಒತ್ತಿದ ಕ್ಷಣದಿಂದ ವಿಂಡೋಸ್ ಅಥವಾ ಲಿನಕ್ಸಿನ ಚಿತ್ರ ಪರದೆಯ ಮೇಲೆ ಮೂಡುವವರೆಗೆ ಕೆಲವು ಕ್ಷಣಗಳು ಕಳೆಯುತ್ತವೆ. ಆ ಅವಧಿಯಲ್ಲಿ ಯಂತ್ರವನ್ನು ನಡೆಸುವುದು ಫರ್ಮ್‌ವೇರ್ ಎಂಬ ಚಿಕ್ಕ ತಂತ್ರಾಂಶ. ಅದು ಹಾರ್ಡ್ ಡಿಸ್ಕಿನಲ್ಲಿ ಇರುವುದಿಲ್ಲ. ಮದರ್‌ಬೋರ್ಡಿಗೆ ಅಂಟಿಸಿದ ಒಂದು ಸಣ್ಣ ಚಿಪ್ಪಿನಲ್ಲಿರುತ್ತದೆ. ಆದುದರಿಂದ ಡಿಸ್ಕನ್ನು ಪೂರ್ತಿ ಅಳಿಸಿದರೂ ಬದಲಾಯಿಸಿದರೂ ಅದು ಹಾಗೆಯೇ ಉಳಿಯುತ್ತದೆ.

ನ್ಯಾಯಾಲಯವನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ನ್ಯಾಯಾಧೀಶರು ಬೆಳಿಗ್ಗೆ ಪೀಠವೇರುವ ಮೊದಲೇ ಅಟೆಂಡರ್ ಬಾಗಿಲು ತೆರೆದಿರುತ್ತಾನೆ, ಬೆಂಚ್ ಕ್ಲಾರ್ಕ್ ಕಡತಗಳನ್ನು ಕ್ರಮವಾಗಿ ಜೋಡಿಸಿರುತ್ತಾರೆ, ಗೋಡೆಯ ಗಡಿಯಾರ ಸರಿಯಾಗಿದೆಯೇ ಎಂದು ಯಾರೋ ನೋಡಿರುತ್ತಾರೆ. ಫರ್ಮ್‌ವೇರ್ ಮಾಡುವುದು ಈ ಕೆಲಸವನ್ನೇ. ಮೆಮೊರಿ, ಕೀಲಿಮಣೆ, ಡಿಸ್ಕು, ಪರದೆ ಇವೆಲ್ಲ ಸ್ಥಳದಲ್ಲಿವೆಯೇ ಎಂದು ಪರೀಕ್ಷಿಸುತ್ತದೆ. ಕಾರ್ಯಾಚರಣ ವ್ಯವಸ್ಥೆ ಯಾವುದರೊಳಗಿದೆ ಎಂದು ಹುಡುಕುತ್ತದೆ. ಸಿಕ್ಕಿದೊಡನೆ ಅಧಿಕಾರವನ್ನು ಅದಕ್ಕೆ ವಹಿಸಿ ತಾನು ಹಿಂದೆ ಸರಿಯುತ್ತದೆ. ಯಾವ ಕ್ರಮದಲ್ಲಿ ಹುಡುಕಬೇಕು, ಯಾರನ್ನು ಒಳಗೆ ಬಿಡಬೇಕು, ಗಂಟೆ ಎಷ್ಟು ಎಂಬ ನಿರ್ದೇಶನಗಳನ್ನು ನಾವು ಬರೆದಿಡುವ ಜಾಗವೇ ಅದರ ‘ಸೆಟಪ್’ ಪರದೆ.

ಈ ಪದರಕ್ಕೆ ಬಯೋಸ್ ಎಂಬ ಹೆಸರು ಬಂದುದು 1975ರ ಸುಮಾರಿಗೆ, ಗ್ಯಾರಿ ಕಿಲ್ಡಾಲ್ ಅವರು ರೂಪಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯಿಂದ. ಅದು ಲೋಕಪ್ರಸಿದ್ಧವಾದುದು 1981ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ. ಇಲ್ಲಿ ವಕೀಲನಾದವನ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಐಬಿಎಂ ತನ್ನ ಬಯೋಸಿನ ಸಂಕೇತಗಳನ್ನು ಕೈಪಿಡಿಯಲ್ಲಿ ಬಹಿರಂಗವಾಗಿಯೇ ಮುದ್ರಿಸಿತ್ತು, ಆದರೆ ಅದಕ್ಕೆ ಕೃತಿಸ್ವಾಮ್ಯವಿತ್ತು. ನಕಲು ಮಾಡಿದವನು ನ್ಯಾಯಾಲಯದಲ್ಲಿ ಸೋಲುವುದು ನಿಶ್ಚಿತ. ಕಾಂಪ್ಯಾಕ್ ಎಂಬ ಹೊಸ ಸಂಸ್ಥೆ ಇದಕ್ಕೊಂದು ದಾರಿ ಕಂಡುಕೊಂಡಿತು. ಒಂದು ತಂಡವು ಐಬಿಎಂನ ಸಂಕೇತಗಳನ್ನು ಓದಿ, ಅವು ಏನು ಮಾಡುತ್ತವೆ ಎಂಬುದನ್ನಷ್ಟೇ ಬರೆದಿಟ್ಟಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಮತ್ತೊಂದು ತಂಡ ಆ ವಿವರಣೆಯನ್ನು ಆಧರಿಸಿ ಹೊಸದಾಗಿ ಸಂಕೇತ ರಚಿಸಿತು. ಕೃತಿಸ್ವಾಮ್ಯವು ಅಭಿವ್ಯಕ್ತಿಯನ್ನು ಕಾಯುತ್ತದೆಯೇ ಹೊರತು ವಿಚಾರವನ್ನಲ್ಲ ಎಂಬ ತತ್ತ್ವದ ಮೇಲೆ ಆ ಕೆಲಸ ನಿಂತಿತು. ಐಬಿಎಂಗೆ ಹೊಂದುವ ಯಂತ್ರಗಳನ್ನು ಅನೇಕರು ತಯಾರಿಸಿ ಬೆಲೆ ಇಳಿದುದು ಆ ಬಳಿಕ. ಇಂದು ನಮ್ಮ ಮನೆಗಳಿಗೆ ಕಂಪ್ಯೂಟರ್ ಬಂದಿರುವುದರ ಹಿಂದೆ ಆ ಸಣ್ಣ ಚಿಪ್ಪಿನ ವ್ಯಾಜ್ಯದ ಭಯವೂ, ಅದನ್ನು ದಾಟಿದ ಜಾಣ್ಮೆಯೂ ಇವೆ.

ಹಳೆಯ ಬಯೋಸಿನ ಸ್ಥಾನವನ್ನು ಈಗ ಯುಇಎಫ್‌ಐ ಎಂಬ ಹೊಸ ವಿಧಾನ ಪಡೆದಿದೆ. ಇಂಟೆಲ್ ಆರಂಭಿಸಿದ ಕೆಲಸವನ್ನು 2005ರಲ್ಲಿ ರಚನೆಯಾದ ಹಲವು ಸಂಸ್ಥೆಗಳ ಒಕ್ಕೂಟ ಮುಂದುವರಿಸಿತು. ಹಾಗಿದ್ದರೂ ಅಂಗಡಿಯವರ ಬಾಯಲ್ಲಿ, ತಂತ್ರಜ್ಞರ ಬಾಯಲ್ಲಿ ಅದು ಇಂದಿಗೂ ಬಯೋಸೇ.

ಈಗ ಹುಡುಗಿಯ ಮೊದಲ ತೊಂದರೆಗೆ ಬರೋಣ. ವಿದ್ಯುತ್ ಇಲ್ಲದಾಗಲೂ ಕಂಪ್ಯೂಟರಿನ ಗಡಿಯಾರ ನಡೆಯುತ್ತಿರಬೇಕು. ಅದಕ್ಕಾಗಿ ಮದರ್‌ಬೋರ್ಡಿನಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವೊಂದಿದ್ದು, ಅದಕ್ಕೆ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಶಕ್ತಿ ಒದಗಿಸುತ್ತದೆ. ಸಾಮಾನ್ಯವಾಗಿ ಬಳಸುವುದು ಸಿಆರ್2032 ಎಂಬುದು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೆಲವು ವರ್ಷ ಕಳೆದಾಗ ಅದು ಬರಿದಾಗುತ್ತದೆ. ಆಗ ಯಂತ್ರ ತನ್ನ ಕಾಲವನ್ನು ಮರೆತು ತಯಾರಕರು ನಿಗದಿಪಡಿಸಿದ ಯಾವುದೋ ಹಳೆಯ ದಿನಕ್ಕೆ ಮರಳುತ್ತದೆ.

ದಿನಾಂಕ ತಪ್ಪಾದರೆ ಜಾಲತಾಣ ಏಕೆ ತೆರೆಯುವುದಿಲ್ಲ? ಪ್ರತಿಯೊಂದು ಸುರಕ್ಷಿತ ಜಾಲತಾಣದ ಬಳಿಯೂ ತಾನು ಯಾರೆಂದು ಸಾರುವ ಡಿಜಿಟಲ್ ಪ್ರಮಾಣಪತ್ರವಿರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಊರ್ಜಿತವೆಂದು ಅದರಲ್ಲಿ ನಮೂದಾಗಿರುತ್ತದೆ. ಕಂಪ್ಯೂಟರ್ ತಾನು 2016ರಲ್ಲಿದ್ದೇನೆಂದು ನಂಬಿದ್ದರೆ ಈ ವರ್ಷದ ಪ್ರಮಾಣಪತ್ರ ಅದಕ್ಕೆ ಇನ್ನೂ ಜಾರಿಗೆ ಬಾರದ ಪತ್ರವಾಗಿ ತೋರುತ್ತದೆ, ತಿರಸ್ಕರಿಸುತ್ತದೆ. ಇಲ್ಲಿ ಜಾಲತಾಣದ ತಪ್ಪಿಲ್ಲ, ಕಳ್ಳರ ಕೈವಾಡವೂ ಇಲ್ಲ. ಪ್ಲಸ್ ವನ್ ಅರ್ಜಿಯ ಅಥವಾ ವಿದ್ಯಾರ್ಥಿವೇತನದ ಕೊನೆಯ ದಿನ ಇಂತಹ ಎಚ್ಚರಿಕೆ ಬಂದರೆ ಗಾಬರಿಗೊಳ್ಳದೆ ಮೊದಲು ಪರದೆಯ ಮೂಲೆಯ ದಿನಾಂಕವನ್ನು ನೋಡಿರಿ.

ಡೆಸ್ಕ್‌ಟಾಪಿನಲ್ಲಿ ಈ ಬ್ಯಾಟರಿಯನ್ನು, ವಿದ್ಯುತ್ ತಂತಿಯನ್ನು ಪೂರ್ತಿ ಕಳಚಿದ ಮೇಲೆ, ಮನೆಯಲ್ಲೇ ಬದಲಾಯಿಸಬಹುದು. ಲ್ಯಾಪ್‌ಟಾಪಿನಲ್ಲಿ ಅದು ಒಳಗೆ ಹುದುಗಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ತಿಳಿದವರ ಕೈಯಿಂದಲೇ ಮಾಡಿಸುವುದು ಲೇಸು. ತೆಗೆದ ಹಳೆಯ ಬ್ಯಾಟರಿಯನ್ನು ಸಣ್ಣ ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು. ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುವ ಶಕ್ತಿ ಅದಕ್ಕಿದೆ. ಅಂಥ ಸಂಶಯ ಬಂದರೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಗಡಿಯಾರದ ಇನ್ನೊಂದು ತೊಡಕು ನಮ್ಮ ಊರಿನ ಮನೆಗಳಲ್ಲಿ ವಿಶೇಷವಾಗಿ ಕಾಣಸಿಗುತ್ತದೆ. ಕೇರಳದ ಶಾಲೆಗಳಲ್ಲಿ ಕಲಿಸುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಮುಕ್ತ ತಂತ್ರಾಂಶ. ಆದುದರಿಂದ ಅನೇಕರು ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಅದನ್ನೂ ಜೊತೆಯಾಗಿ ಇಟ್ಟುಕೊಂಡಿರುತ್ತಾರೆ. ಫರ್ಮ್‌ವೇರಿನ ಗಡಿಯಾರದಲ್ಲಿ ಇರುವುದು ಭಾರತದ ಸಮಯವೆಂದು ವಿಂಡೋಸ್ ಭಾವಿಸುತ್ತದೆ; ಲಿನಕ್ಸ್ ಸಾಮಾನ್ಯವಾಗಿ ಅದನ್ನು ಜಾಗತಿಕ ಪ್ರಮಾಣ ಸಮಯವೆಂದು ಭಾವಿಸುತ್ತದೆ. ಎರಡರ ನಡುವಣ ಅಂತರ ಐದೂವರೆ ಗಂಟೆ. ಲಿನಕ್ಸಿನಲ್ಲಿ ಕೆಲಸ ಮುಗಿಸಿ ವಿಂಡೋಸಿಗೆ ಬಂದಾಗ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಬ್ಯಾಟರಿಯನ್ನು ದೂರಬೇಡಿ. ಫರ್ಮ್‌ವೇರಿನ ಸಮಯವನ್ನು ಸ್ಥಳೀಯ ಸಮಯವೆಂದು ಪರಿಗಣಿಸುವಂತೆ ಲಿನಕ್ಸಿಗೆ ಸೂಚಿಸಿದರೆ ಸಾಕು. ಶಾಲೆಯ ಐಟಿ ಅಧ್ಯಾಪಕರು ಅದನ್ನು ಒಂದು ನಿಮಿಷದಲ್ಲಿ ಮಾಡಿಕೊಟ್ಟಾರು.

ನ್ಯಾಯಾಲಯದಲ್ಲಿ ಈ ಗಡಿಯಾರಕ್ಕೆ ಇರುವ ತೂಕವನ್ನೂ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ, ಕಂಪ್ಯೂಟರಿನಿಂದ ಪಡೆದ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಆ ಅವಧಿಯಲ್ಲಿ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬುದನ್ನು ದೃಢೀಕರಿಸಬೇಕು. ನನ್ನದೇ ಒಂದು ಪ್ರಕರಣದಲ್ಲಿ ಕಕ್ಷಿಗಾರರ ಅಡಿಕೆ ಮಾರಾಟದ ಲೆಕ್ಕವಿದ್ದ ಕಂಪ್ಯೂಟರ್ ಎಲ್ಲ ಕಡತಗಳಿಗೂ ಹತ್ತು ವರ್ಷ ಹಿಂದಿನ ದಿನಾಂಕ ಹಾಕಿತ್ತು. ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಈ ಲೆಕ್ಕ ಬರೆದಾಗ ನೀವು ವ್ಯಾಪಾರ ಆರಂಭಿಸಿಯೇ ಇರಲಿಲ್ಲವಲ್ಲ?” ಲೆಕ್ಕ ಸತ್ಯವಾಗಿತ್ತು. ಅದನ್ನು ಕಾಗದದ ರಶೀದಿಗಳಿಂದ ಪುನಃ ರುಜುವಾತುಪಡಿಸಲು ನಮಗೆ ಎಂಟು ತಿಂಗಳು ಬೇಕಾಯಿತು.

ಇನ್ನು ಸೆಟಪ್ ಪರದೆಯೊಳಗೆ ಹೋಗುವ ಬಗೆ. ಯಂತ್ರವನ್ನು ಆರಂಭಿಸಿದ ಕೂಡಲೇ ಒಂದು ನಿರ್ದಿಷ್ಟ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಬೇಕು. ಡೆಲ್, ಏಸರ್, ಏಸಸ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡಿನಲ್ಲಿ ಎಫ್1, ಬಹುಪಾಲು ಡೆಸ್ಕ್‌ಟಾಪುಗಳಲ್ಲಿ ಡಿಲೀಟ್ ಕೀಲಿ. ಆರಂಭದ ಪರದೆಯ ಕೆಳಭಾಗದಲ್ಲಿ ಒಮ್ಮೊಮ್ಮೆ ಅದನ್ನು ಬರೆದಿರುತ್ತದೆ. ಒಳಗೆ ಕಾಣುವುದೆಲ್ಲ ಇಂಗ್ಲಿಷ್. ನಾನು ಇದುವರೆಗೆ ಕಂಡ ಯಾವ ಸೆಟಪ್ ಪರದೆಯಲ್ಲೂ ಕನ್ನಡ ಇರಲಿಲ್ಲ. ಮಕ್ಕಳು ಹೆದರುವುದು ಅದಕ್ಕಾಗಿ. ವಾಸ್ತವದಲ್ಲಿ ನೋಡಬೇಕಾದ ವಿಷಯಗಳು ಐದಾರಕ್ಕಿಂತ ಹೆಚ್ಚಿಲ್ಲ.

ಒಳಹೊಕ್ಕ ಮೇಲೆ ಪಾಲಿಸಬೇಕಾದ ನಿಯಮಗಳು ನಾಲ್ಕು. ಏನನ್ನೂ ಬದಲಾಯಿಸುವ ಮೊದಲು ಪ್ರತಿಯೊಂದು ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿರಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪರಿಣಾಮ ನೋಡಬೇಕು. ಸಂಶಯ ಬಂದರೆ ‘ಉಳಿಸದೆ ಹೊರಬರು’ ಎಂಬ ಅರ್ಥದ ಆಯ್ಕೆಯನ್ನು ಒತ್ತಿ ಹೊರಬರಬೇಕು. ಆಗ ಯಾವ ಬದಲಾವಣೆಯೂ ದಾಖಲಾಗುವುದಿಲ್ಲ. ನಾಲ್ಕನೆಯದು, ವಿಂಡೋಸ್ ಇರುವ ಯಂತ್ರವಾದರೆ ಡಿಸ್ಕು ಗೂಢಲಿಪಿಯಲ್ಲಿದೆಯೇ ಎಂದು ಮೊದಲೇ ತಿಳಿದುಕೊಂಡು ಅದರ ಮರುಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು.

ಈ ನಾಲ್ಕನೆಯ ನಿಯಮವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಎರಡು ವರ್ಷಗಳ ಹಿಂದೆ ಒಂದು ಸಂಜೆ ನನ್ನ ಕಚೇರಿಯ ಕಂಪ್ಯೂಟರ್ ನಿಧಾನವಾಗಿದೆಯೆಂದು ಸೆಟಪ್ ಪರದೆಯೊಳಗೆ ಹೋಗಿ ಭದ್ರತೆಯ ಎರಡು ಆಯ್ಕೆಗಳನ್ನು ಒಟ್ಟಿಗೇ ಬದಲಾಯಿಸಿದೆ. ಚಿತ್ರ ತೆಗೆದಿರಲಿಲ್ಲ. ಯಂತ್ರ ಮರಳಿ ಆರಂಭವಾದಾಗ ನೀಲಿ ಪರದೆ ಮೂಡಿ 48 ಅಂಕಿಗಳ ಕೀಲಿ ಕೇಳಿತು. ಬಿಟ್‌ಲಾಕರ್ ಎಂಬ ವ್ಯವಸ್ಥೆ ಡಿಸ್ಕನ್ನು ಬೀಗ ಹಾಕಿ ಇಟ್ಟಿತ್ತು. ಫರ್ಮ್‌ವೇರಿನ ಭದ್ರತಾ ಸ್ಥಿತಿ ಬದಲಾದುದನ್ನು ಕಂಡು, ಯಂತ್ರ ಅನ್ಯರ ಕೈ ಸೇರಿದೆಯೆಂದು ಅದು ಸಂಶಯಪಟ್ಟಿತ್ತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಲ್ಲಿಸಬೇಕಾಗಿದ್ದ ಪ್ರಮಾಣಪತ್ರಿಕೆ ಆ ಡಿಸ್ಕಿನೊಳಗಿತ್ತು. ಕೀಲಿ ಉಳಿದಿದ್ದುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆಯನ್ನು ತೆರೆದುಕೊಟ್ಟಿದ್ದವರು ಹಿಂದೆ ನನ್ನಲ್ಲಿದ್ದ ಕಿರಿಯ ವಕೀಲರು. ರಾತ್ರಿ ಹನ್ನೊಂದೂವರೆಗೆ ಅವರನ್ನು ಎಬ್ಬಿಸಿ ಫೋನಿನಲ್ಲೇ 48 ಅಂಕಿಗಳನ್ನು ಬರೆಸಿಕೊಂಡೆ. ಅಂದಿನಿಂದ ಆ ಕೀಲಿ ಉಕ್ಕಿನ ಕಪಾಟಿನಲ್ಲಿ ಆಸ್ತಿಪತ್ರಗಳ ಜೊತೆಯಲ್ಲಿದೆ.

ಪರದೆಯ ಮುಖ್ಯ ವಿಷಯಗಳನ್ನು ಒಂದೊಂದಾಗಿ ನೋಡೋಣ. ‘ಬೂಟ್ ಆರ್ಡರ್’ ಎಂಬುದು ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕುವ ಸರದಿ. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಬೇಕಾದರೆ ಅದನ್ನು ಸರದಿಯಲ್ಲಿ ಮೊದಲಿಗೆ ತರಬೇಕು. ಒಂದೇ ಬಾರಿಗೆ ಸಾಕೆಂದಾದರೆ ಸೆಟಪ್ ಪರದೆಗೆ ಹೋಗುವುದೇ ಬೇಡ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಅಂದಿನ ಮಟ್ಟಿಗೆ ಆಯ್ಕೆ ಮಾಡುವ ಪಟ್ಟಿ ಬರುತ್ತದೆ. ಮೊದಲನೆಯದು ಶಾಶ್ವತ ಆದೇಶ, ಎರಡನೆಯದು ಮಧ್ಯಂತರ ಆದೇಶ ಎನ್ನೋಣ.

‘ಸೆಕ್ಯೂರ್ ಬೂಟ್’ ಎಂಬುದು ಆರಂಭದ ತಂತ್ರಾಂಶದ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಕ್ರಮ. ಸಹಿ ಇಲ್ಲದ್ದನ್ನು ಅದು ಒಳಗೆ ಬಿಡುವುದಿಲ್ಲ. ಲಿನಕ್ಸ್ ಹಾಕಲು ಇದನ್ನು ಆರಿಸಲೇಬೇಕು ಎಂಬ ಮಾತು ಪ್ರಚಲಿತವಾಗಿದೆ. ಅದು ಪೂರ್ತಿ ಸತ್ಯವಲ್ಲ. ಉಬುಂಟುವಿನಂತಹ ಪ್ರಮುಖ ಲಿನಕ್ಸ್‌ಗಳಿಗೆ ಮಾನ್ಯ ಸಹಿ ಇದೆ. ಮೊದಲು ಹಾಗೆಯೇ ಪ್ರಯತ್ನಿಸಿ, ಯಂತ್ರ ನಿರಾಕರಿಸಿದರೆ ಮಾತ್ರ ಅದನ್ನು ಆರಿಸುವುದು ಕ್ರಮ. ‘ಟಿಪಿಎಂ’ ಎಂಬುದು ಗೂಢಲಿಪಿಯ ಕೀಲಿಗಳನ್ನು ಕಾಯುವ ಭಂಡಾರ. ನಾನು ಎಡವಿದ್ದು ಈ ಎರಡರಲ್ಲಿ. ಡಿಸ್ಕಿನ ವಿಧಾನವನ್ನು ಸೂಚಿಸುವ ‘ಎಎಚ್‌ಸಿಐ’, ‘ರೈಡ್’ ಎಂಬ ಆಯ್ಕೆಯನ್ನಂತೂ ಕುತೂಹಲಕ್ಕಾಗಿ ಮುಟ್ಟಬಾರದು. ಅದನ್ನು ಬದಲಾಯಿಸಿದರೆ ಇರುವ ವಿಂಡೋಸ್ ತೆರೆಯದೆ ಹೋಗಬಹುದು. ಹಾಗಾದಾಗ ಮೊದಲಿನ ಸ್ಥಿತಿಗೆ ತಂದರೆ ಸರಿಹೋಗುತ್ತದೆ; ಚಿತ್ರ ತೆಗೆದಿಡಬೇಕು ಎಂದದ್ದು ಇದಕ್ಕಾಗಿಯೇ.

ಫರ್ಮ್‌ವೇರನ್ನು ನವೀಕರಿಸುವ ಅವಕಾಶವೂ ಇದೆ. ತಯಾರಕರ ಅಧಿಕೃತ ತಾಣದಿಂದ, ಅದೇ ಮಾದರಿಗೆ ಸಲ್ಲುವುದನ್ನು ಮಾತ್ರ ತರಬೇಕು. ನವೀಕರಣದ ನಡುವೆ ವಿದ್ಯುತ್ ಹೋದರೆ ಯಂತ್ರ ಏಳದೆ ಉಳಿಯಬಹುದು. ಆಟಿಯ ಮಳೆಯಲ್ಲಿ ಗಳಿಗೆಗೊಮ್ಮೆ ಕರೆಂಟು ಹೋಗುವ ನಮ್ಮ ಊರಿನಲ್ಲಿ ಬ್ಯಾಟರಿ ತುಂಬಿಸಿ, ಚಾರ್ಜರನ್ನೂ ಸಿಕ್ಕಿಸಿ, ಮಳೆ ಗುಡುಗಿಲ್ಲದ ದಿನ ಮಾಡುವುದು ವಿವೇಕ. ಈ ಚಿಪ್ಪು ಕೆಟ್ಟರೆ ಏನಾಗುತ್ತದೆಂಬುದನ್ನು ಜಗತ್ತು 1999ರ ಏಪ್ರಿಲ್ 26ರಂದು ಕಂಡಿತು. ತೈವಾನಿನ ವಿದ್ಯಾರ್ಥಿಯೊಬ್ಬ ರಚಿಸಿದ್ದ ಸಿಐಎಚ್ ಎಂಬ ವೈರಸ್ ಅಂದು ಅನೇಕ ದೇಶಗಳಲ್ಲಿ ಕಂಪ್ಯೂಟರುಗಳ ಡಿಸ್ಕನ್ನು ಅಳಿಸಿ, ಕೆಲವದರಲ್ಲಿ ಬಯೋಸಿನ ಚಿಪ್ಪನ್ನೂ ಕೆಡಿಸಿತು. ಅಂಥವು ಗುಂಡಿ ಒತ್ತಿದರೂ ಪರದೆ ಬೆಳಗದ ಪೆಟ್ಟಿಗೆಗಳಾದವು.

ಕೊನೆಯದಾಗಿ ಗುಪ್ತಪದ, ನಮ್ಮ ಹುಡುಗಿಯ ಎರಡನೆಯ ತೊಂದರೆ. ಸೆಟಪ್ ಪರದೆಗೆ ಮೇಲ್ವಿಚಾರಕರ ಗುಪ್ತಪದ ಹಾಕುವ ಅವಕಾಶವಿದೆ. ಕಂಪೆನಿಗಳು ತಮ್ಮ ನೌಕರರು ಏನನ್ನೂ ಬದಲಾಯಿಸದಂತೆ ಇದನ್ನು ಹಾಕಿಡುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಮೊದಲಾದವು ಬೇಕು. ಅದಿಲ್ಲದ ಯಂತ್ರಗಳನ್ನು ಕಚೇರಿಗಳು ಕೈಬಿಟ್ಟಾಗ ಅವು ಹಳೆಯ ಮಾಲಿನ ಅಂಗಡಿಗೆ ಬರುತ್ತವೆ. ಲಿನಕ್ಸಿಗೆ ಅವು ಚೆನ್ನಾಗಿಯೇ ಸಲ್ಲುತ್ತವೆ. ಮಕ್ಕಳಿಗೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಗುಪ್ತಪದವನ್ನು ತೆಗೆಯದೆ ಮಾರಿದರೆ ಕೊಂಡವನ ಕೈಯಲ್ಲಿ ಉಳಿಯುವುದು ಅರ್ಧ ಯಂತ್ರ. ಹಳೆಯ ಡೆಸ್ಕ್‌ಟಾಪುಗಳಲ್ಲಿ ನಾಣ್ಯ ಬ್ಯಾಟರಿಯನ್ನು ತೆಗೆದರೆ ಗುಪ್ತಪದ ಅಳಿಯುವುದುಂಟು. ಈಚಿನ ಲ್ಯಾಪ್‌ಟಾಪುಗಳಲ್ಲಿ ಅದು ವಿದ್ಯುತ್ ಇಲ್ಲದೆಯೂ ಉಳಿಯುವ ಚಿಪ್ಪಿನಲ್ಲಿರುವುದರಿಂದ ಆ ಉಪಾಯ ಫಲಿಸದು. ತಯಾರಕರನ್ನು ಕೇಳಿದರೆ ಖರೀದಿಯ ಪುರಾವೆ ಕೇಳುತ್ತಾರೆ.

ಗುಪ್ತಪದ ಮುರಿದುಕೊಡುತ್ತೇವೆ ಎನ್ನುವವರ ಬಳಿಗೆ ಹೋಗಲೇ ಎಂದು ತಂದೆ ಕೇಳಿದರು. ಬೇಡವೆಂದೆ. ಆ ಯಂತ್ರ ನಿಜವಾಗಿ ಯಾರದೆಂಬುದು ಆಗ ನಮಗೆ ತಿಳಿದಿರಲಿಲ್ಲ. ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರನ್ನು ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೆಯ ಕಲಂಗಳಿಗೆ ಒಳಪಡಬಹುದು. ಕಳವಿನ ಮಾಲೆಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ. ಪ್ರಾಮಾಣಿಕನಾದ ಕೃಷಿಕ ತಾನೇ ಸಂಶಯಕ್ಕೆ ಗುರಿಯಾಗುವ ದಾರಿ ಅದು.

ನಮಗಿದ್ದ ನೇರ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಹಳೆಯ ವಸ್ತುವೆಂಬ ಕಾರಣಕ್ಕೆ ಗ್ರಾಹಕನ ಹಕ್ಕು ಇಲ್ಲವಾಗುವುದಿಲ್ಲ. ಮಾರಿದ ವಸ್ತುವಿಗೆ ಬಿಲ್ಲು ಕೊಡದಿರುವುದೇ ಆ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂದೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಗಡಿನಾಡಿನವರಾದ ನಮಗೆ ಇನ್ನೊಂದು ಅನುಕೂಲವಿದೆ: ಖರೀದಿ ಮಂಗಳೂರಿನಲ್ಲಿ ನಡೆದಿದ್ದರೂ ದೂರುದಾರನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿ, ಎಂದರೆ ಕಾಸರಗೋಡಿನಲ್ಲಿಯೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ಮೊದಲ ಸಲಹೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ತಂದೆಯ ಕೈಯಲ್ಲಿ ಬಿಲ್ಲು ಇರಲಿಲ್ಲ. ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಮೊತ್ತ ಗೀಚಿ ಕೊಟ್ಟಿದ್ದರು. ಹಣವನ್ನು ಮೊಬೈಲಿನಿಂದ ಪಾವತಿ ಮಾಡಿದ್ದರಿಂದ ಅದರ ದಾಖಲೆ ಮಾತ್ರ ಉಳಿದಿತ್ತು. ಅದನ್ನೂ, ಗುಪ್ತಪದ ಕೇಳುವ ಪರದೆಯ ಚಿತ್ರವನ್ನೂ ಲಗತ್ತಿಸಿ, ಯಂತ್ರ ಬದಲಾಯಿಸಿ ಇಲ್ಲವೇ ಹಣ ಮರಳಿಸಿ ಎಂದು ಒಂದು ಪುಟದ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ಒಂಬತ್ತನೆಯ ದಿನ ಅಂಗಡಿಯವರು ತಾವಾಗಿಯೇ ಫೋನು ಮಾಡಿ ಬರಹೇಳಿದರು.

ಹೋಗುವ ಮುನ್ನ ಹುಡುಗಿಗೆ ಒಂದು ಪಟ್ಟಿ ಹೇಳಿಕೊಟ್ಟೆ. ನೀವೂ ಹಳೆಯ ಕಂಪ್ಯೂಟರ್ ಕೊಳ್ಳುವಾಗ ಹಣ ಕೊಡುವ ಮೊದಲು, ಅಂಗಡಿಯ ಮೇಜಿನ ಮೇಲೆಯೇ, ಇದನ್ನು ನೋಡಬೇಕು. ಸೆಟಪ್ ಪರದೆ ಗುಪ್ತಪದ ಕೇಳದೆ ತೆರೆಯುತ್ತದೆಯೇ? ದಿನಾಂಕವನ್ನು ಸರಿಪಡಿಸಿ, ಯಂತ್ರವನ್ನು ಆರಿಸಿ, ಚಾರ್ಜರ್ ಕಳಚಿ ಸ್ವಲ್ಪ ಹೊತ್ತಿನ ಬಳಿಕ ಹಚ್ಚಿದಾಗ ಅದು ಉಳಿದಿದೆಯೇ? ಮೆಮೊರಿ, ಡಿಸ್ಕುಗಳ ಗಾತ್ರ ಅಂಗಡಿಯವರು ಹೇಳಿದಷ್ಟೇ ಅಲ್ಲಿ ಕಾಣುತ್ತದೆಯೇ? ಪರದೆಯಲ್ಲಿರುವ ಕ್ರಮಸಂಖ್ಯೆಯೂ ಯಂತ್ರದ ಅಡಿಯ ಚೀಟಿಯ ಕ್ರಮಸಂಖ್ಯೆಯೂ ಒಂದೇ ಆಗಿದೆಯೇ? ಪೆನ್‌ಡ್ರೈವಿನಿಂದ ಲಿನಕ್ಸ್ ಆರಂಭವಾಗುತ್ತದೆಯೇ? ಕ್ರಮಸಂಖ್ಯೆ ನಮೂದಿಸಿದ ಬಿಲ್ಲು ಕೊಡುತ್ತಾರೆಯೇ?

ಮುಂದಿನದನ್ನು ತಂದೆ ನನಗೆ ಹೇಳಿದರು. ಬದಲಿ ಯಂತ್ರವನ್ನು ಮೇಜಿನ ಮೇಲಿಟ್ಟಾಗ ಹುಡುಗಿ ಎಫ್2 ಒತ್ತತೊಡಗಿದಳಂತೆ. ಅಂಗಡಿಯವರು, “ಅದೆಲ್ಲ ನಿಂಗೆ ಎಂತಕ್ಕೆ ಮಗಾ? ವಿಂಡೋಸ್ ಉಂಟಲ್ಲ, ಚಂದ ನಡೀತದೆ” ಎಂದರು. ಅವಳು ಉತ್ತರ ಕೊಡದೆ ನೋಟುಪುಸ್ತಕ ತೆರೆದಿಟ್ಟು ಒಂದೊಂದನ್ನೇ ನೋಡಿದಳು. ಮೊದಲು ಕೊಟ್ಟ ಯಂತ್ರದಲ್ಲಿ ಮೆಮೊರಿ 8 ಜಿಬಿ ಎಂದು ಹೇಳಿದ್ದರೂ ಪರದೆ 4 ಎಂದು ತೋರಿಸಿತು. ಅದನ್ನು ಬದಿಗಿರಿಸಿದಳು. ಎರಡನೆಯದು ಎಲ್ಲದರಲ್ಲೂ ತೇರ್ಗಡೆಯಾಯಿತು. ಬಿಲ್ಲು ಕೈಗೆ ಬಂದ ಮೇಲೆಯೇ ತಂದೆ ಮಗಳು ಬಸ್ಸು ಹತ್ತಿದರು.

ಕಳೆದ ಶನಿವಾರ ಅವಳು ಆ ನೋಟುಪುಸ್ತಕವನ್ನು ನನಗೆ ತೋರಿಸಿದಳು. ಸೆಟಪ್ ಪರದೆಯ ಪ್ರತಿಯೊಂದು ಇಂಗ್ಲಿಷ್ ಪದದ ಮುಂದೆ ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ಬರೆದಿದ್ದಾಳೆ: ಹುಡುಕುವ ಸರದಿ, ಸಹಿಯ ಪರೀಕ್ಷೆ, ಕೀಲಿಗಳ ಭಂಡಾರ, ಉಳಿಸದೆ ಹೊರಬರುವುದು. ಮೂರು ಪುಟಗಳಾಗಿವೆ. ತನ್ನ ತರಗತಿಯ ಇನ್ನಿಬ್ಬರ ಮನೆಯಲ್ಲೂ ಹಳೆಯ ಲ್ಯಾಪ್‌ಟಾಪುಗಳಿವೆಯೆಂದೂ, ಅವರು ಪ್ರತಿ ಮಾಡಿಕೊಳ್ಳಲು ಪುಸ್ತಕ ಕೇಳಿದ್ದಾರೆಂದೂ ಹೇಳಿದಳು. ಶಾಲೆಯ ಯಂತ್ರಗಳ ಸೆಟಪ್ಪಿಗೆ ಮಾತ್ರ ಅಧ್ಯಾಪಕರ ಅಪ್ಪಣೆಯಿಲ್ಲದೆ ಯಾರೂ ಹೋಗಬಾರದು ಎಂದು ನಾನು ಹೇಳಿದಾಗ ಪೆನ್ನು ತೆಗೆದು ಅದನ್ನೂ ಕೊನೆಯ ಸಾಲಾಗಿ ಬರೆದುಕೊಂಡಳು.

ಹಳೆಯ ಕಂಪ್ಯೂಟರ್, ಮೊಬೈಲುಗಳ ಖರೀದಿಯಲ್ಲಿ ಇಂತಹ ತೊಂದರೆಗೆ ಒಳಗಾದ ಹೆತ್ತವರು ಪತ್ರಿಕೆಯ ವಿಳಾಸಕ್ಕೆ ಬರೆದರೆ ಉತ್ತರಿಸುವೆನು. ಮುಂದಿನ ವಾರ: ಬಾಡಿಗೆ ಮನೆಯ ಮುಂಗಡ ಹಣ ಮರಳಿ ಬಾರದಿದ್ದಾಗ ಮಾಡಬೇಕಾದುದೇನು?